ಹಾಡು ಕೆಡಿಸಿದವರ ಕಥೆ

ಫೋಕ್ ರಾಕ್ ಅಂದ ತಕ್ಷಣ ನಮ್ಮ ಕಡೆಯವರಿಗೆ ನೆನಪಾಗೋದು ರಘು ದೀಕ್ಷಿತ್. ಶಿಶುನಾಳ ಷರೀಫರ ತತ್ವಪದಕ್ಕೆ ಗಿಟಾರು, ಡ್ರಮ್ಸು ಕೂಡಿಸಿ 2008ರಲ್ಲಿ ಆಲ್ಬಮ್ ತಂದಾಗ ಕುಣಿದವರೂ ಇದ್ದರು, ಅಶ್ವತ್ಥ್ ಹಾಡಿದ್ದೇ ಸರಿ ಅಂತ ಮೂಗು ಮುರಿದವರೂ ಇದ್ದರು. ಅಶ್ವತ್ಥರ ಹಿಂದೆಯೂ ಸ್ಟುಡಿಯೋ ವಾದ್ಯಗಳಿದ್ದವು ಅನ್ನೋದು ಯಾರಿಗೂ ಹೊಳೆಯಲಿಲ್ಲ. 1889ರಲ್ಲೇ ತೀರಿಕೊಂಡ ಷರೀಫರು ಪಾಪ ಎರಡನ್ನೂ ಕೇಳಿರಲಿಲ್ಲ :)

ಈ "ಕೆಡಿಸಿಬಿಟ್ರು" ಅನ್ನೋ ಜಗಳ ಫೋಕ್ ರಾಕ್‌ನ ಜೊತೆಗೇ ಹುಟ್ಟಿದ್ದು. ಆದ್ರೆ ಅದರ ಹಿಂದೆ ಇನ್ನೊಂದು ಪ್ರಶ್ನೆ ಅಡಗಿದೆ: ಹಾಡು ಯಾರದ್ದು? ನನಗೆ ಕುತೂಹಲ ಹುಟ್ಟಿಸಿದ್ದು ಗಿಟಾರಿಗಿಂತ ಈ ಪ್ರಶ್ನೆಯೇ.

1937ರ ಸೆಪ್ಟೆಂಬರ್. ಅಮೆರಿಕದ ಲೈಬ್ರರಿ ಆಫ್ ಕಾಂಗ್ರೆಸ್ ಪರವಾಗಿ ಹಳ್ಳಿ ಹಾಡುಗಳನ್ನು ರೆಕಾರ್ಡ್ ಮಾಡುತ್ತಾ ತಿರುಗುತ್ತಿದ್ದ ಆಲನ್ ಲೋಮ್ಯಾಕ್ಸ್ ಅನ್ನೋ 22ರ ಹುಡುಗ ಕೆಂಟಕಿಯ ಮಿಡಲ್ಸ್‌ಬರೋಗೆ ಬರ್ತಾನೆ. ಅಲ್ಲಿ ಗಣಿ ಕೆಲಸದವನೊಬ್ಬನ ಮಗಳು, 16 ವರ್ಷದ ಜಾರ್ಜಿಯಾ ಟರ್ನರ್, ಅವನ ಯಂತ್ರದ ಮುಂದೆ ನಿಂತು ಒಂದು ಹಾಡು ಹಾಡ್ತಾಳೆ. ನ್ಯೂ ಆರ್ಲಿಯನ್ಸಿನ ಒಂದು ಮನೆಯಲ್ಲಿ ಬದುಕು ಹಾಳಾದ ಹೆಣ್ಣಿನ ಹಾಡು. ಅವಳು ಕಟ್ಟಿದ್ದಲ್ಲ, ಕೇಳಿ ಕಲಿತದ್ದು. ಅದನ್ನು 1933ರಲ್ಲೇ ಬೇರೆಯವರು ಗ್ರಾಮಫೋನ್ ತಟ್ಟೆಗೆ ಹಾಡಿದ್ದರು. ಆದರೆ ಲೋಮ್ಯಾಕ್ಸ್ 1941ರ ತನ್ನ ಪುಸ್ತಕದಲ್ಲಿ ಹಾಕಿದ್ದು ಅವಳಿಂದ ಕೇಳಿದ್ದನ್ನು. ಅಲ್ಲಿಂದ ಹಾಡು ನ್ಯೂಯಾರ್ಕಿನ ಗಾಯಕರ ಬಾಯಿಗೆ ಬಂತು. ಡೇವ್ ವ್ಯಾನ್ ರಾಂಕ್ ಅದನ್ನು ತನ್ನದೇ ರೀತಿಯಲ್ಲಿ ಹಾಡುತ್ತಿದ್ದ. ಬಾಬ್ ಡಿಲನ್ ಅದೇ ರೀತಿಯನ್ನು ಎತ್ತಿಕೊಂಡು 1962ರ ತನ್ನ ಮೊದಲ ಆಲ್ಬಮ್‌ಗೆ ಹಾಕಿಬಿಟ್ಟ.

ಆಮೇಲೆ ಇಂಗ್ಲೆಂಡಿನ ನ್ಯೂಕ್ಯಾಸಲ್‌ನ ಐವರು ಹುಡುಗರ ತಂಡ, ದಿ ಆನಿಮಲ್ಸ್. 1964ರ ಮೇ 18ರಂದು 'ದಿ ಹೌಸ್ ಆಫ್ ದಿ ರೈಸಿಂಗ್ ಸನ್' ಅನ್ನು ಎಲೆಕ್ಟ್ರಿಕ್ ಗಿಟಾರು, ಆರ್ಗನ್ನು ಹಾಕಿ ಒಂದೇ ಟೇಕ್‌ನಲ್ಲಿ ಮುಗಿಸಿದರು. ಹಾಡಿನ ಹೆಣ್ಣು ಈಗ ಗಂಡಾಗಿದ್ದ! ನಾಲ್ಕು ನಿಮಿಷ ದಾಟುವ ಹಾಡು ರೇಡಿಯೋದಲ್ಲಿ ಓಡಲ್ಲ ಅನ್ನುವ ಕಾಲ ಅದು. ಬ್ರಿಟನ್, ಅಮೆರಿಕ ಎರಡೂ ಕಡೆ ನಂಬರ್ 1 ಆಯ್ತು. ಡಿಸ್ಕಿನ ಮೇಲೆ ಹಾಡನ್ನು 'ಹೊಂದಿಸಿದವರು' ಅಂತ ಅಚ್ಚಾದದ್ದು ಆರ್ಗನ್ ನುಡಿಸಿದ ಆಲನ್ ಪ್ರೈಸ್ ಹೆಸರು ಮಾತ್ರ. ಸಾಂಪ್ರದಾಯಿಕ ಹಾಡಿನಲ್ಲಿ ಹೊಂದಿಸಿದವರಿಗೇ ರಾಯಲ್ಟಿ. ಉಳಿದ ನಾಲ್ವರ ಹೊಟ್ಟೆ ಎಷ್ಟು ಉರಿದಿರಬೇಡ!

ಅದೇ ವರ್ಷ ಜಿಮ್ ಮೆಕ್‌ಗಿನ್ (ಮುಂದೆ ರೋಜರ್ ಅಂತ ಹೆಸರು ಬದಲಿಸಿಕೊಂಡ) ಬೀಟಲ್ಸ್ ಸಿನಿಮಾ ನೋಡ್ತಾನೆ. ಅದರಲ್ಲಿ ಜಾರ್ಜ್ ಹ್ಯಾರಿಸನ್ ಕೈಯಲ್ಲಿದ್ದ ಹನ್ನೆರಡು ತಂತಿಯ ರಿಕನ್‌ಬ್ಯಾಕರ್ ಗಿಟಾರ್ ಅವನ ಕಣ್ಣಿಗೆ ಬೀಳುತ್ತೆ. ಮೆಕ್‌ಗಿನ್ ಷಿಕಾಗೋದ ಜಾನಪದ ಸಂಗೀತ ಶಾಲೆಯಲ್ಲಿ ಬ್ಯಾಂಜೋ ಕಲಿತವನು. ಹೊಸ ಗಿಟಾರನ್ನೂ ಬ್ಯಾಂಜೋ ಹಾಗೆಯೇ ಬೆರಳಲ್ಲಿ ಮೀಟಿದ. ಬರ್ಡ್ಸ್ ತಂಡದ ಆ ಗಣಗಣ ಸದ್ದಿನ ಗುಟ್ಟು ಇದೇ: ವಾದ್ಯ ರಾಕ್‌ದು, ಕೈ ಹಳ್ಳಿಯದು. ಡಿಲನ್ನನ 'ಮಿಸ್ಟರ್ ಟ್ಯಾಂಬೊರಿನ್ ಮ್ಯಾನ್' ಹಾಡಿನ ನಾಲ್ಕು ಚರಣಗಳಲ್ಲಿ ಒಂದನ್ನಷ್ಟೇ ಉಳಿಸಿಕೊಂಡು ಅವರು ಹಾಡಿದ್ದು 1965ರ ಜೂನ್‌ನಲ್ಲಿ ಅಮೆರಿಕದಲ್ಲಿ ಮೊದಲ ಸ್ಥಾನಕ್ಕೆ ಹೋಯಿತು. 'ಫೋಕ್ ರಾಕ್' ಅನ್ನೋ ಹೆಸರನ್ನು ಪತ್ರಿಕೆಗಳು ಚಾಲ್ತಿಗೆ ತಂದದ್ದು ಆಗಲೇ.

ಇಲ್ಲೊಂದು ಸಾಫ್ಟ್‌ವೇರ್ ಮಂದಿ ಮೆಚ್ಚುವ ಪ್ರಸಂಗ ಇದೆ. ಸೈಮನ್ ಮತ್ತು ಗಾರ್ಫಂಕಲ್ ಬರೀ ಅಕೌಸ್ಟಿಕ್ ಗಿಟಾರ್ ಜೊತೆ ಹಾಡಿದ್ದ 'ದಿ ಸೌಂಡ್ ಆಫ್ ಸೈಲೆನ್ಸ್' ಇದ್ದ ಆಲ್ಬಮ್ 1964ರಲ್ಲಿ ತೋಪಾಗಿತ್ತು. ನಿರ್ಮಾಪಕ ಟಾಮ್ ವಿಲ್ಸನ್ 1965ರ ಜೂನ್‌ನಲ್ಲಿ ಅವರಿಬ್ಬರಿಗೂ ಹೇಳದೆ ಹಳೇ ಟೇಪಿನ ಮೇಲೆ ಎಲೆಕ್ಟ್ರಿಕ್ ಗಿಟಾರು, ಡ್ರಮ್ಸು ಸೇರಿಸಿದ. ನೇರ ಪ್ರೊಡಕ್ಷನ್‌ಗೇ ಪ್ಯಾಚ್! 1966ರ ಜನವರಿಯಲ್ಲಿ ಅದು ನಂಬರ್ 1.

ಇನ್ನು ನ್ಯೂಪೋರ್ಟ್. 2024ರ 'ಎ ಕಂಪ್ಲೀಟ್ ಅನ್‌ನೋನ್' ಸಿನಿಮಾ ನೋಡಿದವರಿಗೆ 1965ರ ಜುಲೈ 25ರ ರಾತ್ರಿ ಗೊತ್ತು. ಜಾನಪದ ಉತ್ಸವದಲ್ಲಿ ಡಿಲನ್ ಎಲೆಕ್ಟ್ರಿಕ್ ಗಿಟಾರ್ ಹಿಡಿದು ಬಂದ, ಮೂರು ಹಾಡು ಹಾಡಿದ (ಅದರಲ್ಲೊಂದರ ಆಗಿನ ಹೆಸರು 'ಫ್ಯಾಂಟಮ್ ಇಂಜಿನಿಯರ್', ನಮ್ಮಂಥವರ ಮೇಲೇ ಬರೆದ ಹಾಗಿದೆ), ಜನ ಕೂಗಾಡಿದರು. ಅಂದ ಹಾಗೆ 'ಜೂಡಾಸ್!' ಅಂತ ಒಬ್ಬ ಕೂಗೋದನ್ನ ಸಿನಿಮಾ ಇಲ್ಲಿಗೇ ತಂದು ಕೂರಿಸಿದೆ. ನಿಜಕ್ಕೂ ಅದು ನಡೆದದ್ದು 1966ರ ಮೇ 17ರಂದು, ಇಂಗ್ಲೆಂಡಿನ ಮ್ಯಾಂಚೆಸ್ಟರ್‌ನಲ್ಲಿ. ನ್ಯೂಪೋರ್ಟಿನಲ್ಲಿ ಜನ ಯಾಕೆ ಕೂಗಿದರು ಅನ್ನೋ ವಾದ ಇನ್ನೂ ಮುಗಿದಿಲ್ಲ: ಕರೆಂಟಿನ ಗಿಟಾರಿಗೋ, ಮಾತು ಕೇಳದ ಕೆಟ್ಟ ಸೌಂಡಿಗೋ, ಮೂರೇ ಹಾಡಿಗೆ ಇಳಿದುಹೋದನಲ್ಲ ಅಂತಲೋ. ತನಗೆ ಸಿಟ್ಟು ಬಂದದ್ದು ಮಾತು ಕೇಳಿಸಲಿಲ್ಲ ಅಂತ, ಎಂದೇ ಪೀಟ್ ಸೀಗರ್ ಮುಂದೆ ಹೇಳುತ್ತಿದ್ದರು.

ನನಗೆ ಇದಕ್ಕಿಂತ ದೊಡ್ಡದಾಗಿ ಕಾಣೋದು ಹಿಂದಿನ ದಿನದ ಘಟನೆ. ಬಟರ್‌ಫೀಲ್ಡ್ ಬ್ಲೂಸ್ ಬ್ಯಾಂಡ್ ಕರೆಂಟಿನ ವಾದ್ಯಗಳ ಜೊತೆ ವೇದಿಕೆ ಹತ್ತುವಾಗ ಪರಿಚಯ ಮಾಡಿಕೊಟ್ಟವರು ಇವರಿಗೇನು ಬರುತ್ತೆ ಅನ್ನೋ ಧಾಟಿಯಲ್ಲಿ ಮಾತಾಡಿದರು. ಡಿಲನ್ನನ ಮ್ಯಾನೇಜರ್ ಆಲ್ಬರ್ಟ್ ಗ್ರಾಸ್‌ಮನ್ ರೇಗಿ ಅವರ ಮೇಲೆ ಹೋದ. ಇಬ್ಬರು ದಪ್ಪ ಗಂಡಸರು ನೆಲದಲ್ಲಿ ಉರುಳಾಡಿ ಹೊಡೆದಾಡಿದರು. ಹಾಗೆ ಪರಿಚಯ ಮಾಡಿಕೊಟ್ಟವರು ಯಾರು ಗೊತ್ತಾ? ಅದೇ ಆಲನ್ ಲೋಮ್ಯಾಕ್ಸ್! ಜಾರ್ಜಿಯಾಳ ಹಾಡನ್ನು ಯಂತ್ರಕ್ಕೆ ಹಿಡಿದಿಟ್ಟು, ಅವಳ ಮುಖವನ್ನೇ ನೋಡದವರ ಬಾಯಿಗೂ ತಲುಪಿಸಿದ ಮನುಷ್ಯ. ಯಂತ್ರ ಅವರ ಕೈಯಲ್ಲಿದ್ದಾಗ ಅದು ಸಂರಕ್ಷಣೆ, ಹುಡುಗರ ಕೈಗೆ ಬಂದಾಗ ಅಪಚಾರ. ಹಾಗಂತ ಲೋಮ್ಯಾಕ್ಸರನ್ನು ಬೈಯೋಕೂ ನನಗೆ ಮನಸ್ಸಿಲ್ಲ, ಅವರಿಲ್ಲದಿದ್ರೆ ಆ ಹುಡುಗಿಯ ದನಿಯೇ ನಮಗೆ ಸಿಗುತ್ತಿರಲಿಲ್ಲ.

ಇಂಗ್ಲೆಂಡಿನಲ್ಲಿ ಇದು ಬೇರೆ ದಾರಿ ಹಿಡಿಯಿತು. ಶುರುವಿನಲ್ಲಿ ಹೆಚ್ಚಾಗಿ ಅಮೆರಿಕದ ಹಾಡುಗಳನ್ನು ಹಾಡಿಕೊಂಡಿದ್ದ ಫೇರ್‌ಪೋರ್ಟ್ ಕನ್ವೆನ್ಷನ್ ತಂಡದ ವ್ಯಾನ್ 1969ರ ಮೇ 12ರ ಬೆಳಗಿನ ಜಾವ ಎಂ1 ಹೆದ್ದಾರಿಯಲ್ಲಿ ಉರುಳಿತು. ಡ್ರಮ್ಮರ್ ಮಾರ್ಟಿನ್ ಲ್ಯಾಂಬಲ್, 19 ವರ್ಷ, ತೀರಿಕೊಂಡ. ಗಿಟಾರ್ ನುಡಿಸುತ್ತಿದ್ದ ರಿಚರ್ಡ್ ಥಾಂಪ್ಸನ್ ತನ್ನ ಗೆಳತಿಯನ್ನು ಕಳಕೊಂಡ. ತಂಡವೇ ಮುಗಿದುಹೋಗುವ ಹಾಗಿತ್ತು. ಉಳಿದವರು ಹ್ಯಾಂಪ್‌ಷೈರ್‌ನ ಹಳ್ಳಿಯೊಂದರಲ್ಲಿ ಮನೆ ಹಿಡಿದು ಬೇಸಿಗೆ ಕಳೆದರು. ಹಳೇ ಹಾಡು ಹಾಡಲಿಲ್ಲ, ಸತ್ತವನ ನೆನಪು ಅದರಲ್ಲಿತ್ತು. ಆಶ್ಲಿ ಹಚಿಂಗ್ಸ್ ಲಂಡನ್ನಿನ ಸೆಸಿಲ್ ಶಾರ್ಪ್ ಹೌಸ್‌ನ ಲೈಬ್ರರಿಯಲ್ಲಿ ಲಾವಣಿಗಳನ್ನು ಹುಡುಕಿದ. ಡೇವ್ ಸ್ವಾರ್‌ಬ್ರಿಕ್ ಪಿಟೀಲು ತಂದ. ಆ ಡಿಸೆಂಬರ್‌ನಲ್ಲಿ ಬಂದ 'ಲೀಜ್ ಅಂಡ್ ಲೀಫ್' ಆಲ್ಬಮ್‌ನಲ್ಲಿ ಸ್ಯಾಂಡಿ ಡೆನ್ನಿ ಹಾಡಿದ 'ಟ್ಯಾಮ್ ಲಿನ್' ಕಥೆಯ ಹೆಸರು 1549ರ ಸ್ಕಾಟಿಷ್ ಪುಸ್ತಕದಲ್ಲೇ ಸಿಗುತ್ತೆ. ಇಯರ್‌ಫೋನ್ ಹಾಕ್ಕೊಂಡು ಕೇಳಿ, ಡ್ರಮ್ಸು ಹಾಡಿನ ಮೇಲೆ ಕೂತಿಲ್ಲ, ಒಳಗಿಂದ ಬಂದ ಹಾಗಿದೆ.

ಅಲ್ಲೂ ಜಗಳ ತಪ್ಪಲಿಲ್ಲ. ಇನ್ನೂ ಹಳೆಯದು ಬೇಕು ಅಂತ ಹಚಿಂಗ್ಸ್ ಹೊರಟುಹೋಗಿ ಸ್ಟೀಲೈ ಸ್ಪ್ಯಾನ್ ಕಟ್ಟಿದ. ಸ್ವಂತ ಹಾಡು ಬರೀಬೇಕು ಅಂತ ಡೆನ್ನಿಯೂ ಹೋದಳು.

ಹೆಸರಿನ ವಿಷಯ ಮಾತ್ರ ಎಲ್ಲ ಕಡೆಯೂ ಉಳಿಯಿತು. ಮಾರ್ಟಿನ್ ಕಾರ್ತಿ ಎಂಬ ಇಂಗ್ಲಿಷ್ ಗಾಯಕನಿಂದ ಪಾಲ್ ಸೈಮನ್ 'ಸ್ಕಾರ್ಬರೋ ಫೇರ್' ಕಲಿತ. 1966ರ ಆಲ್ಬಮ್‌ನಲ್ಲಿ ಕಾರ್ತಿಯ ಹೆಸರೇ ಇಲ್ಲ. ಕಾರ್ತಿಗೂ ಅದು ಸಿಕ್ಕಿದ್ದು ಒಂದು ಹಾಡುಗಳ ಸಂಗ್ರಹದಿಂದಲೇ, ನಿಜ. ಆದ್ರೂ ನೋವು ಉಳಿಯಿತು. 2000ದಲ್ಲಿ ಸೈಮನ್ ಲಂಡನ್ನಿನ ತನ್ನ ಕಾರ್ಯಕ್ರಮಕ್ಕೆ ಕರೆದು, ಇಬ್ಬರೂ ಒಟ್ಟಿಗೆ ಆ ಹಾಡು ಹಾಡಿದ ಮೇಲೆ ಅದು ತಣ್ಣಗಾಯ್ತು. ಜಾರ್ಜಿಯಾ ಟರ್ನರ್‌ಗೆ ಅಂಥ ವೇದಿಕೆ ಸಿಗಲಿಲ್ಲ. ಹಾಡು ಲಕ್ಷಗಟ್ಟಲೆ ಮಾರಾಟವಾದ ಮೇಲೆ ರಾಯಲ್ಟಿ ಅಂತ ಅವಳ ಕೈಗೆ ಬಂದದ್ದು ಚಿಲ್ಲರೆ ಕಾಸು. 'ಲೀಜ್ ಅಂಡ್ ಲೀಫ್' ಬಂದ 1969ರಲ್ಲೇ ಅವಳು ತೀರಿಕೊಂಡಳು.