ಪಿಕಪ್, ಜೀಪಿನ ಹಿಂದಿನ ಸಸ್ಪೆನ್ಷನ್ ಬದಲಿಸುವ ಮುಂಚೆ: ಖರ್ಚಿನ ಲೆಕ್ಕ ಹೀಗಿರಲಿ

ಕೊಕ್ಕರ್ಣೆ: ಡಾಮರು ರಸ್ತೆ ಮುಗಿದ ಮೇಲೆ ತೋಟಕ್ಕೆ, ಕೆಂಪುಕಲ್ಲು ಕೋರೆಗೆ, ಗುಡ್ಡದ ಮೇಲಿನ ಮನೆಗೆ ಹೋಗುವ ಮಣ್ಣಿನ ದಾರಿಯೇ ಇಲ್ಲಿನ ಗಾಡಿಗಳ ನಿಜವಾದ ಪರೀಕ್ಷೆ. ವರ್ಷಕ್ಕೆ ಸುಮಾರು 4,000 ಮಿ.ಮೀ. ಮಳೆ ಬೀಳುವ ಜಿಲ್ಲೆ ಇದು. ಜೂನ್‌ನಿಂದ ಸೆಪ್ಟೆಂಬರ್ ತನಕ ನೀರು ಹರಿದು ಕೊರೆದ ಚರಂಡಿಯಲ್ಲೇ ಚಕ್ರ ಇಳಿಸಿ ಹೋಗಬೇಕು. ಹಾಗಾಗಿ ಗಾಡಿ ಇಟ್ಟವರ ಬಾಯಲ್ಲಿ ಬರುವ ಮಾತು ಒಂದೇ: ಹಿಂದೆ ಸ್ವಲ್ಪ ಎತ್ತರ ಮಾಡಿಸಬೇಕು, ಪ್ಲೇಟ್ ಹಾಕಿಸಬೇಕು, ಒಳ್ಳೆ ಶಾಕ್ ಹಾಕಿಸಬೇಕು.

ಮಾಡಿಸುವುದು ತಪ್ಪಲ್ಲ. ಆದರೆ ಎಷ್ಟು ಹಣ, ಯಾವುದಕ್ಕೆ ಮೊದಲು, ಯಾವುದು ಕಾನೂನಿಗೆ ಸರಿ ಅಂತ ನೋಡದೆ ಶುರು ಮಾಡಿದರೆ ಇಪ್ಪತ್ತು ಸಾವಿರದ ಕೆಲಸ ನಲವತ್ತಕ್ಕೆ ಹೋಗುತ್ತದೆ. ಬಾಡಿಗೆ ಓಡಿಸಿ ಸಾಲದ ಕಂತು ಕಟ್ಟುವವರಿಗೆ ಇದು ಸಣ್ಣ ಮೊತ್ತ ಅಲ್ಲ. ಈ ಕೆಲಸಕ್ಕೆ ಕೈ ಹಾಕುವವರಿಗೆ ಬೇಕಾದ ಮಾಹಿತಿ ಇಲ್ಲಿದೆ.

ಲಾಂಗ್ ಟ್ರಾವೆಲ್ ಅಂದರೆ ಎಂತ?

ಹಿಂದಿನ ಚಕ್ರ ಚಾಸಿಸ್‌ಗೆ ಹೋಲಿಸಿದರೆ ಮೇಲೆ ಎಷ್ಟು ಹೋಗುತ್ತದೆ, ಕೆಳಗೆ ಎಷ್ಟು ಇಳಿಯುತ್ತದೆ ಅನ್ನುವ ಒಟ್ಟು ಅಳತೆಯೇ ಸಸ್ಪೆನ್ಷನ್ ಟ್ರಾವೆಲ್. ಇದು ಜಾಸ್ತಿ ಇದ್ದರೆ ಒಂದು ಚಕ್ರ ಕಲ್ಲು ಹತ್ತಿದಾಗಲೂ ಇನ್ನೊಂದು ಚಕ್ರ ನೆಲ ಬಿಡುವುದಿಲ್ಲ. ನೆಲ ಹಿಡಿದ ಚಕ್ರ ಎಳೆಯುತ್ತದೆ, ಗಾಳಿಯಲ್ಲಿರುವ ಚಕ್ರ ಸುಮ್ಮನೆ ತಿರುಗುತ್ತದೆ.

ಈ ಪದ್ಧತಿ ಬೆಳೆದದ್ದು ಮೆಕ್ಸಿಕೋದ ಬಾಹಾ ಮರುಭೂಮಿಯ ರೇಸುಗಳಲ್ಲಿ. ಅಲ್ಲಿನ ದೊಡ್ಡ ರೇಸ್ 1967ರಲ್ಲಿ ಶುರುವಾಯಿತು. ಈಗ ಅಲ್ಲಿ ಓಡುವ ಟ್ರೋಫಿ ಟ್ರಕ್‌ಗಳ ಹಿಂದಿನ ಚಕ್ರ 30 ಇಂಚಿನ ಆಸುಪಾಸು ಮೇಲೆ ಕೆಳಗೆ ಆಡುತ್ತದೆ. ಅದು ಮರಳಿನಲ್ಲಿ ನೂರರ ಮೇಲಿನ ಸ್ಪೀಡಿಗೆ ಕಟ್ಟಿದ ಗಾಡಿ. ನಮ್ಮಲ್ಲಿ ಬೇಕಾದದ್ದು ಫಸ್ಟ್ ಗೇರಿನಲ್ಲಿ, ಕೆಸರಿನಲ್ಲಿ, ಮಾಲು ತುಂಬಿಕೊಂಡು ಏರುವ ಗಾಡಿ. ಮೊಬೈಲಿನಲ್ಲಿ ವಿಡಿಯೋ ನೋಡಿ ಅದೇ ಸಾಮಾನು ತರಿಸುವುದು ಇಲ್ಲಿಗೆ ಹೊಂದುವುದಿಲ್ಲ.

ಕೊಲ್ಲೂರಿನಿಂದ 1,343 ಮೀಟರ್ ಎತ್ತರದ ಕೊಡಚಾದ್ರಿಗೆ ಜನ ಹೊತ್ತು ಹೋಗುವ ಜೀಪುಗಳನ್ನು ನೋಡಿದರೆ ಇದು ಅರ್ಥವಾಗುತ್ತದೆ. ಕೊನೆಯ ಕೆಲವು ಕಿಲೋಮೀಟರ್ ಬರೀ ಕಲ್ಲು, ಕೆಮ್ಮಣ್ಣು. ಅಲ್ಲಿ ದುಬಾರಿ ಶಾಕ್‌ಗಿಂತ ಮುಖ್ಯ ನಿಧಾನದ ಓಟ, ಗಟ್ಟಿ ಬುಶ್, ಟೈಟ್ ಇರುವ ಯು-ಬೋಲ್ಟ್.

ಪ್ಲೇಟ್ ಜಾಸ್ತಿ ಹಾಕಿದರೆ ಟ್ರಾವೆಲ್ ಕಡಿಮೆ

ನಮ್ಮ ಕಡೆಯ ಬಹಳಷ್ಟು ಕೆಲಸದ ಗಾಡಿಗಳಿಗೆ, ಅಂದರೆ ಬೊಲೆರೋ, ಬೊಲೆರೋ ಪಿಕಪ್, ಹಳೇ ಜೀಪುಗಳಿಗೆ, ಹಿಂದೆ ಇರುವುದು ಪ್ಲೇಟ್ ಸ್ಪ್ರಿಂಗ್. ಇಸುಜು ವಿ-ಕ್ರಾಸ್, ಟೊಯೋಟಾ ಹೈಲಕ್ಸ್‌ಗೂ ಹಿಂದೆ ಅದೇ. ಜಿಮ್ನಿ, ಗೂರ್ಖಾ, 2020ರ ನಂತರದ ಥಾರ್‌ಗೆ ಕಾಯಿಲ್ ಸ್ಪ್ರಿಂಗ್. ಎರಡರ ಖರ್ಚಿನ ದಾರಿಯೂ ಬೇರೆ.

"ಒಂದ್ ಪ್ಲೇಟ್ ಜಾಸ್ತಿ ಹಾಕಿ ಮಾರಾಯ್ರೆ" ಅನ್ನುವುದು ಸಾಮಾನ್ಯ ಮಾತು. ಆದರೆ ಆರು ಸಮ ಪ್ಲೇಟ್ ಇದ್ದಲ್ಲಿ ಏಳನೆಯದು ಸೇರಿದರೆ ಸ್ಪ್ರಿಂಗ್ ಸುಮಾರು ಶೇ. 17ರಷ್ಟು ಬಿಗಿಯಾಗುತ್ತದೆ. ದಪ್ಪದ ಲೆಕ್ಕ ಇನ್ನೂ ಜೋರು: 8 ಮಿ.ಮೀ. ಪ್ಲೇಟುಗಳ ಬದಲು 9 ಮಿ.ಮೀ. ಹಾಕಿದರೆ ಶೇ. 42ರಷ್ಟು ಬಿಗಿ. ಬಿಗಿ ಆದಷ್ಟೂ ಲೋಡಿಗೆ ಗಾಡಿ ಕೂರುವುದು ಕಡಿಮೆ, ಸರಿ. ಆದರೆ ಖಾಲಿ ಗಾಡಿ ಕುಪ್ಪಳಿಸುತ್ತದೆ, ಕೆಸರಿನಲ್ಲಿ ಒಂದು ಚಕ್ರ ಎತ್ತಿಕೊಳ್ಳುತ್ತದೆ.

ಅಂದರೆ ಲೋಡ್ ಹೊರುವ ಸಸ್ಪೆನ್ಷನ್ ಮತ್ತು ಲಾಂಗ್ ಟ್ರಾವೆಲ್ ಸಸ್ಪೆನ್ಷನ್ ಒಂದಕ್ಕೊಂದು ವಿರುದ್ಧ. ಯಾವುದು ಬೇಕು ಅಂತ ಮೊದಲೇ ತೀರ್ಮಾನ ಮಾಡಬೇಕು. ದಿನಾ ಕಲ್ಲು, ಗೊಬ್ಬರ, ತೆಂಗಿನಕಾಯಿ ಹೊರುವ ಪಿಕಪ್‌ಗೆ ಟ್ರಾವೆಲ್ ಹಿಂದೆ ಓಡುವುದು ದಂಡ. ತೋಟಕ್ಕೆ ಮಾತ್ರ ಓಡುವ ಖಾಸಗಿ ಫೋರ್ ವೀಲ್ ಜೀಪಿಗೆ ಪ್ಲೇಟ್ ಸೇರಿಸುವುದು ದಂಡ.

ಇನ್ನೊಂದು ತಪ್ಪು ಕಲ್ಪನೆ ಇದೆ. ಗಾಡಿ ಎರಡು ಇಂಚು ಎತ್ತಿಸಿದರೆ ಕಲ್ಲು ತಾಗುವುದಿಲ್ಲ ಅಂತ. ಬಾಡಿ, ಚಾಸಿಸ್ ಮೇಲೆ ಹೋಗುತ್ತದೆ, ಹೌದು. ಆದರೆ ಹಿಂದಿನ ಹೌಸಿಂಗಿನ ನಡುವಿನ ಡಿಫರೆನ್ಷಿಯಲ್ ಗುಂಡು ಇದ್ದಲ್ಲೇ ಇರುತ್ತದೆ. ಅದು ಮೇಲೆ ಬರುವುದು ಟೈರ್ ದೊಡ್ಡದಾದರೆ ಮಾತ್ರ. ಹೌಸಿಂಗ್ ಮತ್ತು ಪ್ಲೇಟ್ ನಡುವೆ ಬ್ಲಾಕ್ ಇಟ್ಟರೂ ಎತ್ತರ ಸಿಗುತ್ತದೆ, ಟ್ರಾವೆಲ್ ಸಿಗುವುದಿಲ್ಲ.

ಮೊದಲು ಅಳತೆ, ಆಮೇಲೆ ಆರ್ಡರ್

ಶಾಕ್ ತರಿಸುವ ಮುಂಚೆ ಟೇಪು ಹಿಡಿದು ಹತ್ತು ನಿಮಿಷ ಕೆಲಸ ಮಾಡಿದರೆ ಸಾವಿರಗಟ್ಟಲೆ ಉಳಿಯುತ್ತದೆ. ಸಮ ನೆಲದಲ್ಲಿ ಗಾಡಿ ನಿಲ್ಲಿಸಿ ಶಾಕಿನ ಮೇಲಿನ ಕಣ್ಣಿನಿಂದ ಕೆಳಗಿನ ಕಣ್ಣಿಗೆ ಅಳೆಯಿರಿ. ಬಳಿಕ ಹೌಸಿಂಗಿನಿಂದ ಬಂಪ್ ರಬ್ಬರ್ ತನಕ ಎಷ್ಟು ಜಾಗ ಇದೆ ನೋಡಿ. ಜಾಕ್ ಕೊಟ್ಟು ಚಾಸಿಸ್ ಎತ್ತಿ, ಸ್ಟ್ಯಾಂಡ್ ಇಟ್ಟು, ಚಕ್ರ ಪೂರ್ತಿ ಇಳಿಬಿದ್ದಾಗ ಮತ್ತೊಮ್ಮೆ ಅಳೆಯಿರಿ. ಈಗಿರುವ ಶಾಕೇ ಗಿಡ್ಡವಾಗಿ ಚಕ್ರ ಇಳಿಯದಂತೆ ತಡೆಯುವುದುಂಟು, ಹಾಗಾಗಿ ಅದರ ಕೆಳಗಿನ ಬೋಲ್ಟ್ ಬಿಚ್ಚಿ ಅಳೆಯುವುದು ಸರಿ. ಬ್ರೇಕ್ ಹೋಸ್ ಜಗ್ಗದಂತೆ ಮಾತ್ರ ಕಣ್ಣಿಡಿ.

ಒಂದು ಉದಾಹರಣೆ. ನಿಂತಾಗ 18 ಇಂಚು, ಬಂಪ್ ರಬ್ಬರ್ ತನಕ ಮೇಲೆ 4 ಇಂಚು, ಕೆಳಗೆ 4 ಇಂಚು ಅಂತ ಇಟ್ಟುಕೊಳ್ಳಿ. ಶಾಕ್ ಮುಚ್ಚಿದಾಗ 14 ಇಂಚಿಗಿಂತ ಅರ್ಧ ಇಂಚಾದರೂ ಕಡಿಮೆ ಇರಬೇಕು, ಬಿಚ್ಚಿದಾಗ 22 ಇಂಚಿಗಿಂತ ಸ್ವಲ್ಪ ಜಾಸ್ತಿ ಇರಬೇಕು. ಮುಚ್ಚಿದ ಅಳತೆ ದೊಡ್ಡದಾದರೆ ಬಂಪ್ ರಬ್ಬರಿಗಿಂತ ಮೊದಲು ಶಾಕೇ ಪೆಟ್ಟು ತಿಂದು ಮೌಂಟ್ ಕಿತ್ತು ಬರುತ್ತದೆ. ಉದ್ದ ಶಾಕ್ ಒಂದನ್ನೇ ಹಾಕಿಸಿದವರಿಗೆ ಆಗುವುದು ಇದೇ.

ಬಾಲದಂತೆ ಬರುವ ಖರ್ಚು

ಸ್ಪ್ರಿಂಗ್, ಶಾಕ್ ರೇಟ್ ಮಾತ್ರ ಕೇಳಿಕೊಂಡು ಬರುವುದು ಎಲ್ಲರೂ ಮಾಡುವ ತಪ್ಪು. ಅದರ ಹಿಂದೆ ಬರುವ ಕೆಲಸಗಳು ಇವು:

• ಯು-ಬೋಲ್ಟ್, ಸೆಂಟರ್ ಬೋಲ್ಟ್: ಪ್ಲೇಟ್ ಸೆಟ್ಟಿನ ಎತ್ತರ ಬದಲಾದರೆ ಹಳೇ ಯು-ಬೋಲ್ಟ್ ಸಾಕಾಗುವುದಿಲ್ಲ. ಹೊಸತು ಹಾಕಿ ಕೆಲವು ನೂರು ಕಿಲೋಮೀಟರ್ ಓಡಿದ ಮೇಲೆ ಮತ್ತೊಮ್ಮೆ ಟೈಟ್ ಮಾಡಿಸಬೇಕು.

• ಬುಶ್, ಪಿನ್, ಶ್ಯಾಕಲ್: ಹಳೇ ಬುಶ್ಶಿನ ಮೇಲೆ ಹೊಸ ಪ್ಲೇಟ್ ಹಾಕಿದರೆ ಶಬ್ದ ನಿಲ್ಲುವುದಿಲ್ಲ.

• ಬ್ರೇಕ್ ಹೋಸ್: ಚಕ್ರ ಜಾಸ್ತಿ ಇಳಿದರೆ ಹೋಸ್ ಎಳೆದುಕೊಳ್ಳುತ್ತದೆ. ಉದ್ದದ್ದು ಬೇಕಾಗಬಹುದು.

• ಲೋಡ್ ಸೆನ್ಸಿಂಗ್ ವಾಲ್ವ್: ಕೆಲವು ಪಿಕಪ್‌ಗಳಲ್ಲಿ ಹೌಸಿಂಗಿಗೂ ಚಾಸಿಸ್ಸಿಗೂ ನಡುವೆ ಒಂದು ರಾಡ್ ಇದ್ದು, ಲೋಡ್ ಎಷ್ಟಿದೆ ಅಂತ ನೋಡಿ ಹಿಂದಿನ ಬ್ರೇಕಿಗೆ ಒತ್ತಡ ಬಿಡುತ್ತದೆ. ಹಿಂದೆ ಎತ್ತರ ಮಾಡಿಸಿ ಈ ರಾಡ್ ಸೆಟ್ ಮಾಡದಿದ್ದರೆ, ಲೋಡ್ ಇದ್ದರೂ ಗಾಡಿ ಖಾಲಿ ಅಂತ ತಿಳಿದು ಹಿಂದಿನ ಬ್ರೇಕ್ ಕಡಿಮೆ ಹಿಡಿಯುತ್ತದೆ. ಘಾಟಿ ಇಳಿಯುವ ಗಾಡಿಗೆ ಇದು ಪ್ರಾಣದ ಪ್ರಶ್ನೆ.

• ಪ್ರೊಪೆಲ್ಲರ್ ಶಾಫ್ಟ್: ಕೋನ ಬದಲಾದರೆ ನಡುಗುತ್ತದೆ, ಜಾಯಿಂಟ್ ಕ್ರಾಸ್ ಬೇಗ ಹೋಗುತ್ತದೆ.

• ಹೆಡ್‌ಲೈಟ್: ಹಿಂದೆ ಎತ್ತಿದರೆ ಬೆಳಕು ಹತ್ತಿರವೇ ಬೀಳುತ್ತದೆ. ಮತ್ತೆ ಸೆಟ್ ಮಾಡಿಸಿ.

40 ಸಾವಿರ ಇದ್ದರೆ ಹಂಚುವುದು ಹೇಗೆ?

ಕೆಳಗಿನದು ಮಾರ್ಕೆಟ್ ರೇಟ್ ಅಲ್ಲ, ಲೆಕ್ಕ ಹಿಡಿಯುವ ಕ್ರಮ. ಗಾಡಿ, ಕಂಪನಿ ನೋಡಿಕೊಂಡು ಅಂಕಿ ಬದಲಾಗುತ್ತದೆ.

ಪ್ಲೇಟ್ ಮತ್ತು ಶಾಕ್ ಜೋಡಿ: 22,000
ಬುಶ್, ಪಿನ್, ಯು-ಬೋಲ್ಟ್, ಹೋಸ್: 5,000
ಕೂಲಿ: 4,000
ಗಾಡಿ ಮೂರು ದಿನ ನಿಂತದ್ದು, ದಿನಕ್ಕೆ 1,000ದಂತೆ: 3,000
ಕೈಯಲ್ಲಿ ಉಳಿಸಿಕೊಳ್ಳುವುದು: 6,000

ನಿಂತ ದಿನದ ನಷ್ಟವನ್ನು ಯಾರೂ ಬರೆಯುವುದಿಲ್ಲ, ಆದರೆ ಅದೂ ಖರ್ಚೇ. ಕೊನೆಯ 6,000ವನ್ನು ಮುಟ್ಟದೆ ಇಡಿ. ಬಿಚ್ಚಿದ ಮೇಲೆ ತುಂಡಾದ ಬ್ರಾಕೆಟ್, ಬಿರುಕು ಬಿಟ್ಟ ಪ್ಲೇಟ್ ಕಾಣುವುದು ಮಾಮೂಲು.

ಹಣ ಕಡಿಮೆ ಇದ್ದರೆ ಹಂತ ಹಂತವಾಗಿ ಮಾಡಿ. ಮೊದಲು ಬುಶ್, ಯು-ಬೋಲ್ಟ್. ಬಳಿಕ ಶಾಕ್, ಎರಡೂ ಬದಿ ಒಟ್ಟಿಗೆ. ಕೊನೆಗೆ ಸ್ಪ್ರಿಂಗ್. ಎಷ್ಟೋ ಗಾಡಿಗಳಿಗೆ ಮೊದಲ ಎರಡು ಹಂತದಲ್ಲೇ ಸಮಾಧಾನ ಆಗುತ್ತದೆ. ಕೂತು ಹೋದ ಪ್ಲೇಟನ್ನು ಬಾಗು ಕೊಟ್ಟು ಮತ್ತೆ ಹಾಕಿಸುವುದು ಅಗ್ಗ, ಆದರೆ ಹಳೇ ಲೋಹ ಮತ್ತೆ ಕೂರುತ್ತದೆ. ಅದು ಒಂದು ಸೀಸನ್ ದೂಡುವ ದಾರಿ ಅಂತಲೇ ಲೆಕ್ಕ ಹಿಡಿಯಿರಿ.

ಬಿಲ್ ಕೇಳಿ ತೆಗೆದುಕೊಳ್ಳಿ. 2025ರ ಸೆಪ್ಟೆಂಬರ್ 22ರಿಂದ ವಾಹನದ ಬಿಡಿಭಾಗಗಳಿಗೆ ಜಿಎಸ್‌ಟಿ ಶೇ. 18. ಮುಂಚೆ ಶೇ. 28 ಇದ್ದ ಸಾಮಾನು 10,000ದ್ದಾದರೆ ತೆರಿಗೆ ಸೇರಿ 12,800 ಆಗುತ್ತಿತ್ತು, ಈಗ 11,800. ಹಳೇ ರೇಟ್ ಹೇಳಿದರೆ ಪ್ರಶ್ನೆ ಮಾಡಬಹುದು. ರೆಗ್ಯುಲರ್ ಜಿಎಸ್‌ಟಿ ನೋಂದಣಿ ಇರುವ ಅಂಗಡಿಯವರು ಅಂಗಡಿಯ ಗೂಡ್ಸ್ ಗಾಡಿಗೆ ಹಾಕಿಸಿದರೆ ಇನ್‌ಪುಟ್ ಕ್ರೆಡಿಟ್ ಬಗ್ಗೆ ತಮ್ಮ ಆಡಿಟರ್ ಹತ್ತಿರ ವಿಚಾರಿಸಲಿ.

ಸಾಲ ಮಾಡುವುದಾದರೆ ಬಡ್ಡಿ ಯಾವ ಲೆಕ್ಕದ್ದು ಅಂತ ಕೇಳಿ. 30,000 ರೂಪಾಯಿಗೆ ಶೇ. 12 ಫ್ಲಾಟ್ ಅಂದರೆ ವರ್ಷಕ್ಕೆ 3,600 ಬಡ್ಡಿ. ಅದೇ ಶೇ. 12 ಇಳಿಕೆ ಲೆಕ್ಕದಲ್ಲಿ 12 ಕಂತು ಕಟ್ಟಿದರೆ ಬಡ್ಡಿ 2,000ದ ಹತ್ತಿರ. ಹೇಳುವ ಅಂಕಿ ಒಂದೇ, ಕೈಯಿಂದ ಹೋಗುವುದು ಬೇರೆ.

ಕಾನೂನು ಎಂತ ಹೇಳುತ್ತದೆ?

ಮೋಟಾರು ವಾಹನ ಕಾಯ್ದೆಯ 52ನೇ ಸೆಕ್ಷನ್ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೆ ಹೊಂದದ ಹಾಗೆ ಗಾಡಿ ಬದಲಿಸುವಂತಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅನುಮತಿ ಇಲ್ಲದ ಬದಲಾವಣೆಗೆ 182ಎ ಸೆಕ್ಷನ್ನಿನಡಿ ಮಾಲೀಕರಿಗೆ ಒಂದೊಂದು ಬದಲಾವಣೆಗೂ 5,000 ರೂ. ದಂಡ, ಅಥವಾ ಆರು ತಿಂಗಳ ತನಕ ಜೈಲು, ಅಥವಾ ಎರಡೂ.

ಅದೇ ಅಳತೆಯ ಹೊಸ ಪ್ಲೇಟ್, ಅದೇ ಅಳತೆಯ ಶಾಕ್ ಹಾಕುವುದು ರಿಪೇರಿ. ಎತ್ತರ ಬದಲಿಸುವುದು ಬೇರೆ ವಿಷಯ, ಅದಕ್ಕೆ ಮುಂಚೆಯೇ ಆರ್‌ಟಿಒ ಕಚೇರಿಯಲ್ಲಿ ಕೇಳಬೇಕು. ಬಾಡಿಗೆ ಗಾಡಿಗೆ ಎಂಟು ವರ್ಷದ ತನಕ ಎರಡು ವರ್ಷಕ್ಕೊಮ್ಮೆ, ಆಮೇಲೆ ಪ್ರತಿ ವರ್ಷ ಎಫ್‌ಸಿ ಆಗಬೇಕು. ಅಲ್ಲಿ ಸಿಕ್ಕಿಬಿದ್ದರೆ ಹಾಕಿಸಿದ್ದನ್ನೇ ಬಿಚ್ಚುವ ಖರ್ಚು ಬೇರೆ. ಅಪಘಾತ ಆದಾಗ ಇನ್ಶೂರೆನ್ಸ್ ಕಂಪನಿ ತಕರಾರು ತೆಗೆಯಲೂ ಇದೇ ಕಾರಣ ಆಗಬಹುದು.

ಪ್ಲೇಟ್ ಸೇರಿಸಿದ ಕೂಡಲೇ ಆರ್‌ಸಿಯಲ್ಲಿ ಬರೆದ ತೂಕ ಜಾಸ್ತಿ ಆಗುವುದಿಲ್ಲ. ಓವರ್‌ಲೋಡಿಗೆ 194ನೇ ಸೆಕ್ಷನ್ನಿನಲ್ಲಿ 20,000 ರೂ. ದಂಡ, ಮೇಲೆ ಪ್ರತಿ ಹೆಚ್ಚುವರಿ ಟನ್ನಿಗೆ 2,000.

ಯಾವಾಗ ಮಾಡಿಸಬೇಕು?

ಮಳೆಗೆ ಮುಂಚೆ, ಏಪ್ರಿಲ್‌-ಮೇ ತಿಂಗಳಲ್ಲಿ ಬುಶ್, ಬ್ರೇಕ್, ಯು-ಬೋಲ್ಟ್ ನೋಡಿಸಿ. ದೊಡ್ಡ ಕೆಲಸವನ್ನು ಬಾಡಿಗೆ ಕಡಿಮೆ ಇರುವ ದಿನಗಳಿಗೆ ಇಟ್ಟುಕೊಳ್ಳಿ. ಸಾಮಾನು ಕೈಗೆ ಬರುವ ತನಕ ಗಾಡಿ ಬಿಚ್ಚಿಸಬೇಡಿ. ಬ್ರಹ್ಮಾವರ, ಕುಂದಾಪುರ, ಉಡುಪಿ ಮೂರೂ ಕಡೆ ರೇಟ್ ಕೇಳಿ, ಕೂಲಿ ಎಷ್ಟು, ವಾರಂಟಿ ಎಷ್ಟು, ಹಳೇ ಪ್ಲೇಟ್ ಗುಜರಿಗೆ ಯಾರಿಗೆ ಅಂತ ಕಾಗದದಲ್ಲಿ ಬರೆಸಿಕೊಳ್ಳಿ. ಕೆಲಸ ಆದ ಮೇಲೆ ಖಾಲಿ ಗಾಡಿಯಲ್ಲೊಮ್ಮೆ, ಲೋಡಿನಲ್ಲೊಮ್ಮೆ ಬ್ರೇಕ್ ಹಿಡಿದು ನೋಡಿ. ಅದು ಸರಿ ಕಂಡ ಮೇಲೆಯೇ ಪೂರ್ತಿ ಹಣ ಕೊಡಿ.