ಸೀಖ್ ಅನ್ನೋ ಹೆಸರು ದೂರದ್ದು, ಕೆಂಡ ನಮ್ಮ ಕೇರಿದು

ಸ್ವಲ್ಪ ಉದ್ದ ಅದ, ಬಿಡುವಿದ್ದಾಗ ಓದ್ರಿ.

ಕಡೇಚೂರು, ಸೈದಾಪುರ ಕಡೆ ಈಗೀಗ ಒಂದು ಮಾತು ಪದೇ ಪದೇ ಕಿವಿಗೆ ಬೀಳ್ತದ. "ಈ ಸೀಖ್, ಕಬಾಬ್ ಎಲ್ಲಾ ನಮ್ಮ ನೆಲದ ಊಟ ಅಲ್ಲ, ಮೊಘಲರು ತಂದಿದ್ದು" ಅಂತ. ಹೇಳೋರು ಬರೇ ಮೇಲ್ಜಾತಿಯವರಲ್ಲ. ನಮ್ಮ ಕೇರಿಯಲ್ಲೇ ಹುಟ್ಟಿ, ನಾಲ್ಕಕ್ಷರ ಕಲಿತು, ನೌಕರಿ ಹಿಡಿದ ಹುಡುಗರೂ ಹೇಳ್ತಾರ. ಆಫೀಸಿನಾಗ ಡಬ್ಬಿ ತೆಗೆಯೋ ಹೊತ್ತಿಗೆ "ನಾ ತಿನ್ನಲ್ರೀ" ಅಂತಾರ. ರಾತ್ರಿ ಬಂಡಿ ಹತ್ರ ಬಂದು ಕರಿ ಚೀಲದಾಗ ಪಾರ್ಸಲ್ ಕಟ್ಟಿಸ್ಕೊಂಡು ಹೋಗ್ತಾರ. ಅವರನ್ನ ಬೈಲಿಕ್ಕ ಇದನ್ನ ಬರೀತಿಲ್ಲ. ಈ ನಾಚಿಕೆ ನಮ್ಮೊಳಗ ಹೆಂಗ ಹೊಕ್ತು ಅನ್ನೋದಕ್ಕ ಒಂದು ಚರಿತ್ರೆ ಅದ. ಅದನ್ನ ಹೇಳಬೇಕಾಗಿದೆ.

ಮೊದಲು ನಮ್ಮ ಜಿಲ್ಲೆಯ ನೆಲ ನೋಡೋಣ. ಸುರಪುರ ಸೀಮೆಯ ಬೂದಿಹಾಳದಲ್ಲಿ ನವಶಿಲಾಯುಗದ ಬೂದಿದಿಬ್ಬ ಇದೆ. ಪುಣೆಯ ಡೆಕ್ಕನ್ ಕಾಲೇಜಿನ ಪುರಾತತ್ವಜ್ಞ ಕೆ. ಪದ್ದಯ್ಯ ಮತ್ತು ಸಂಗಡಿಗರು 1990ರ ದಶಕದಲ್ಲಿ ಅಲ್ಲಿ ಉತ್ಖನನ ಮಾಡಿದರು. ದನಗಾಹಿಗಳು ವಾಸ ಮಾಡಿದ ಜಾಗ ಅದು. ದಿಬ್ಬ ಬೆಳೆದಿದ್ದು ಸಗಣಿ ಸುಟ್ಟ ಬೂದಿಯಿಂದ. ಅದೇ ನೆಲೆಯಲ್ಲಿ ಪ್ರಾಣಿಗಳನ್ನು ಕಡಿದು ಹಸನು ಮಾಡುತ್ತಿದ್ದ ಜಾಗವೂ ಸಿಕ್ಕಿತು. ದನದ ಎಲುಬುಗಳು, ಜೊತೆಗೆ ಕಡಿಯೋ ಕಲ್ಲಿನ ಹತಾರಗಳು. ಸುಮಾರು 4000 ವರ್ಷದ ಹಿಂದಿನ ಮಾತಿದು. ಬಾಬರ್ ದಿಲ್ಲಿ ಹಿಡಿದದ್ದು 1526ರಲ್ಲಿ. ಮೊಘಲರ ಆಳ್ವಿಕೆ ನಮ್ಮ ಸೀಮೆ ಮುಟ್ಟಿದ್ದು 1686ರಲ್ಲಿ ಔರಂಗಜೇಬ್ ವಿಜಯಪುರ ಗೆದ್ದ ಮೇಲೆ. ಈ ನೆಲದಲ್ಲಿ ದನದ ಮಾಂಸ ತಿಂದವರು ಅವರಿಗಿಂತ ಮೂರೂವರೆ ಸಾವಿರ ವರ್ಷ ಮೊದಲೇ ಇಲ್ಲಿದ್ದರು.

ಸರಿ, ಮಾಂಸ ತಿಂದರು ಅಂದಮಾತ್ರಕ್ಕೆ ಸಲಾಕೆಗೆ ಚುಚ್ಚಿ ಸುಡ್ತಿದ್ರು ಅಂತೇನೂ ಇಲ್ಲ ಅನ್ನಬಹುದು. ಹಂಗಿದ್ರ ಕಲ್ಯಾಣಕ್ಕ ಹೋಗೋಣ. ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರ, ಆರನೆಯ ವಿಕ್ರಮಾದಿತ್ಯನ ಮಗ, ಸುಮಾರು 1129ರಲ್ಲಿ ಸಂಸ್ಕೃತದಲ್ಲಿ 'ಮಾನಸೋಲ್ಲಾಸ' ಬರೆದ. ಈಗಿನ ಬಸವಕಲ್ಯಾಣವೇ ಅವನ ರಾಜಧಾನಿ. ರಾಜನ ಭೋಗಗಳನ್ನು ಹೇಳುವ ಭಾಗದಲ್ಲಿ ಊಟದ್ದೇ ಒಂದು ಅಧ್ಯಾಯ ಇದೆ. ಮಾಂಸದ ತುಂಡುಗಳಿಗೆ ತೂತು ಮಾಡಿ, ಮಸಾಲೆ ತುಂಬಿ, ಸಲಾಕೆಗೆ ಪೋಣಿಸಿ ಕೆಂಡದ ಮೇಲೆ ಸುಡೋದನ್ನು ಅಲ್ಲಿ ವಿವರಿಸಿದ್ದಾನೆ. ಅದರ ಹೆಸರು 'ಭಡಿತ್ರಕ'. ಕಲೇಜಿಯನ್ನು ಅಡಿಕೆ ಗಾತ್ರಕ್ಕೆ ಹೆಚ್ಚಿ ಕೆಂಡದಲ್ಲಿ ಸುಡೋದೂ ಇದೆ. ಹಂದಿ ಇದೆ, ಕರುಳು ಇದೆ, ಹೊಲದ ಇಲಿಯನ್ನು ಹುರಿದು ತಿನ್ನೋದೂ ಇದೆ. ಇದಕ್ಕೂ ಎಷ್ಟೋ ಮೊದಲಿನ ಸಂಸ್ಕೃತ ನಿಘಂಟು 'ಅಮರಕೋಶ'ದಲ್ಲೇ ಶೂಲಕ್ಕೆ ಚುಚ್ಚಿ ಸುಟ್ಟ ಮಾಂಸಕ್ಕೆ ಮೂರು ಹೆಸರಿದೆ: ಶೂಲಾಕೃತ, ಭಟಿತ್ರ, ಶೂಲ್ಯ.

ಈಗ ಯೋಚನೆ ಮಾಡ್ರಿ. ಹೊಲದ ಇಲಿ ಸುಟ್ಟು ತಿನ್ನೋ ಬಡವನನ್ನ ನೋಡಿ ಮೂಗು ಮುರಿಯೋ ಜನ, ಅದೇ ಇಲಿ ಚಕ್ರವರ್ತಿಯ ತಟ್ಟೆಯಲ್ಲಿದ್ದಾಗ ಅದನ್ನ 'ಭೋಗ' ಅಂದರು, ಅದಕ್ಕ ಶ್ಲೋಕ ಕಟ್ಟಿದರು. ಕೆಂಡ ಒಂದೇ, ಕಲೇಜಿ ಒಂದೇ. ತಿನ್ನೋನ ಜಾತಿ ಬದಲಾದ ಕೂಡ್ಲೇ ಅದು 'ಹೊಲಸು' ಆಗ್ತದ.

ಹೆಸರಿನ ವಿಷಯಕ್ಕೆ ಬರ್ತೀನಿ. 'ಸೀಖ್' ಪರ್ಷಿಯನ್ ಪದ, ಸಲಾಕೆ ಅಂತ ಅರ್ಥ. 'ಕಬಾಬ್' ಅರಬ್ಬಿ, ಪರ್ಷಿಯನ್ ಕಡೆಯಿಂದ ಬಂದದ್ದು. 1347ರಲ್ಲಿ ಬಹಮನಿ ರಾಜ್ಯ ಹುಟ್ಟಿ ಕಲಬುರಗಿ ರಾಜಧಾನಿಯಾಯಿತು. ಇರಾನಿನಿಂದ, ಮಧ್ಯ ಏಷ್ಯಾದಿಂದ ಸೈನಿಕರು, ವ್ಯಾಪಾರಿಗಳು, ಸೂಫಿಗಳು, ಬಾಣಸಿಗರು ಬಂದರು. ಆಮ್ಯಾಲ ಆದಿಲ್‌ಶಾಹಿ, ಆಮ್ಯಾಲ ನಿಜಾಮರ ಕಾಲ. 1948ರ ಸೆಪ್ಟೆಂಬರ್‌ವರೆಗೆ ಯಾದಗಿರಿ, ಶಹಾಪುರ, ಸುರಪುರ ಎಲ್ಲಾ ಹೈದರಾಬಾದ್ ಸಂಸ್ಥಾನದಲ್ಲೇ ಇದ್ದವು. ಹಂಗಾಗಿ ನಮ್ಮ ಬಾಯಲ್ಲಿ ಕಲೇಜಿ, ಗುರ್ದಾ, ತಿಲ್ಲಿ, ಬೋಟಿ ಅನ್ನೋ ಮಾತು ಕನ್ನಡದಷ್ಟೇ ಸಲೀಸು. ಆದರೆ ಹೆಸರು ಬಂದ ದಿನವೇ ಅಡುಗೆಯೂ ಬಂತು ಅಂತ ಅಲ್ಲ. ಗ್ರೀಸಿನ ಸ್ಯಾಂಟೊರಿನಿ ದ್ವೀಪದ ಅಕ್ರೋತಿರಿಯಲ್ಲಿ 3600 ವರ್ಷಕ್ಕೂ ಹಳೆಯ ಮಣ್ಣಿನ ಸ್ಟ್ಯಾಂಡುಗಳು ಸಿಕ್ಕಿವೆ, ಸಲಾಕೆ ಇಡೋಕೆ ಸಾಲಾಗಿ ಕಚ್ಚು ಮಾಡಿದಂಥವು. ಬೆಂಕಿ, ಕಡ್ಡಿ, ಮಾಂಸ ಇದ್ದಲ್ಲೆಲ್ಲಾ ಮನುಷ್ಯ ಇದನ್ನ ಕಂಡುಕೊಂಡಿದ್ದಾನೆ. ಯಾವ ಧರ್ಮದವರೂ, ಯಾವ ದೇಶದವರೂ ಇದಕ್ಕ ಪಟ್ಟಾ ಮಾಡಿಸಿಕೊಂಡಿಲ್ಲ.

ಹಂಗಾದ್ರ ನಮ್ಮ ಕೇರಿಯ ಚರಿತ್ರೆ ಎಲ್ಲಿ? ಪುಸ್ತಕದಾಗ ಹುಡುಕಿದ್ರ ಸಿಗಲ್ಲ. ಕನ್ನಡದ ಹಳೆಯ ಪಾಕಶಾಸ್ತ್ರ ಅಂದರೆ ಎಲ್ಲರೂ ಹೇಳೋದು ಮೂರನೆಯ ಮಂಗರಸನ 'ಸೂಪಶಾಸ್ತ್ರ', ಹದಿನಾರನೇ ಶತಮಾನದ ಶುರುವಿನದು. ಆತ ಜೈನ, ಬರೆದದ್ದು ಪೂರ್ತಿ ಸಸ್ಯಾಹಾರ. ಅದು ಅವನ ಊಟ, ಅದಕ್ಕ ನಮ್ಮ ತಕರಾರಿಲ್ಲ. ತಕರಾರು ಇರೋದು, ಆ ಥರದ ಪುಸ್ತಕಗಳನ್ನಷ್ಟೇ ಹಿಡಿದು "ಇದೇ ಕನ್ನಡಿಗರ ಊಟ" ಅನ್ನೋರ ಜೊತೆ. ಅಕ್ಷರ ಯಾರ ಕೈಯಲ್ಲಿತ್ತೋ ಅವರ ಅಡುಗೆ ಉಳೀತು. ನಮ್ಮದು ಅವ್ವನ ಕೈಯಲ್ಲಿ ಉಳೀತು.

ಆ ಕೈಯ ಲೆಕ್ಕ ಏನು ಹೇಳ್ತದ? ಸುಟ್ಟು ತಿನ್ನೋಕೆ ಬೋಗುಣಿ ಬೇಡ, ಎಣ್ಣೆ ಬೇಡ, ಅಡುಗೆಮನೆ ಬೇಡ. ಮೂರು ಕಲ್ಲು, ಜಾಲಿ ಕಟ್ಟಿಗೆ, ಉಪ್ಪು, ಖಾರ ಸಾಕು. ಗುಳೆ ಹೋದವರಿಗೆ, ಹೊಲದಲ್ಲೇ ರಾತ್ರಿ ಕಳೆಯೋ ಕುರಿಗಾಹಿಗೆ, ಶಿಕಾರಿಗೆ ಹೋದ ಬೇಡರಿಗೆ ಇದು ಒದಗುವ ಅಡುಗೆ. ಪ್ರಾಣಿ ಕಡಿದಾಗ ಮೊದಲು ಕೈಗೆ ಬರೋದು ಕಲೇಜಿ. ಬೇಗ ಕೆಡೋದೂ ಅದೇ, ಬೇಗ ಬೇಯೋದೂ ಅದೇ. ಅದಕ್ಕೇ ಅದನ್ನ ಅಲ್ಲೇ ಕೆಂಡದ ಮೇಲೆ ಸುಟ್ಟು ಮಕ್ಕಳ ಕೈಗೆ ಕೊಡೋದು. ಉಳಿದ ಖಂಡವನ್ನ ಉದ್ದುದ್ದ ಸೀಳಿ ಹಗ್ಗಕ್ಕೆ ಹಾಕಿ ಒಣಗಿಸೋದು. ಗಡಿಯಾಚೆ ಮರಾಠವಾಡದಲ್ಲಿ ಇದನ್ನ 'ಚಾನ್ಯಾ' ಅಂತಾರೆ. ಶಾಹು ಪಟೋಳೆ ಅವರು ಮರಾಠಿಯಲ್ಲಿ ಮಹಾರ್, ಮಾಂಗ್ ಕೇರಿಗಳ ಇಂಥ ಅಡುಗೆಯನ್ನು ಪುಸ್ತಕ ಮಾಡಿದ್ದು 2015ರಲ್ಲಿ. ನಮ್ಮ ಯಾದಗಿರಿಯ ಕೇರಿಗೂ ಅಂಥದ್ದೊಂದು ಪುಸ್ತಕ ಬೇಕು.

ಇಲ್ಲಿ ಒಂದು ಪ್ರಶ್ನೆ ಬರ್ತದ, ನಮ್ಮವರೇ ಕೇಳ್ತಾರ: "ಬಾಬಾಸಾಹೇಬರೇ ಬಿಡ್ರಿ ಅಂದಿದ್ರಲ್ಲ?" ಬಾಬಾಸಾಹೇಬರು ಬಿಡಲು ಹೇಳಿದ್ದು ಸತ್ತ ದನದ ಮಾಂಸವನ್ನು. 1927ರ ಮಹಾಡ್ ಪರಿಷತ್ತಿನಲ್ಲಿ ಅದು ಗಟ್ಟಿಯಾಗಿ ಬಂತು. ಊರಿನ ಸತ್ತ ದನ ಎಳೆಯೋದು ನಮ್ಮ ಮೇಲೆ ಹೇರಿದ್ದ ಬಿಟ್ಟಿ ಚಾಕರಿ, ಆ ಮಾಂಸವೇ ಅದಕ್ಕೆ ಕೂಲಿ. ಆ ಚಾಕರಿಯನ್ನೂ ಆ ಕೂಲಿಯನ್ನೂ ಒಟ್ಟಿಗೆ ಒದ್ದು ಹೊರಗೆ ಬನ್ನಿ ಅಂದರು ಅವರು. 1948ರಲ್ಲಿ ಪ್ರಕಟವಾದ ಅಸ್ಪೃಶ್ಯರ ಮೂಲದ ಕುರಿತ ಪುಸ್ತಕದಲ್ಲಿ, ವೈದಿಕ ಕಾಲದಲ್ಲಿ ಬ್ರಾಹ್ಮಣರೂ ದನದ ಮಾಂಸ ತಿಂತಿದ್ದರು, ಮುಂದೆ ಬೌದ್ಧರ ಮೇಲಿನ ಪೈಪೋಟಿಯಲ್ಲಿ ಅವರು ಬಿಟ್ಟರು, ಬಿಡದೇ ಉಳಿದವರಿಗೆ ಅಸ್ಪೃಶ್ಯತೆ ಅಂಟಿಸಿದರು ಅಂತ ವಾದ ಮಾಡಿದರು. ದುಡಿದ ದುಡ್ಡು ಕೊಟ್ಟು ಅಂಗಡಿಯಲ್ಲಿ ಕೊಂಡ ತಾಜಾ ಖಂಡಕ್ಕೂ, ಬಿಟ್ಟಿ ಚಾಕರಿಗೆ ಎಸೆದ ಸತ್ತ ದನಕ್ಕೂ ವ್ಯತ್ಯಾಸ ಅದ. ಎರಡನ್ನೂ ಒಂದೇ ಮಾಡಬ್ಯಾಡ್ರಿ.

ಇನ್ನು ಬಂಡಿ. ಕಲಬುರಗಿ, ರಾಯಚೂರು, ಯಾದಗಿರಿಯಲ್ಲಿ ಸಂಜೆ ಆದ ಮೇಲೆ ಕಬ್ಬಿಣದ ಸಿಗಡಿಯಲ್ಲಿ ಕೆಂಡ, ಅದರ ಮೇಲೆ ಸಾಲು ಸೀಖ್, ಕೈಯಲ್ಲಿ ಬೀಸಣಿಗೆ, ಪಕ್ಕದಲ್ಲಿ ಈರುಳ್ಳಿ, ನಿಂಬೆಹಣ್ಣು. ಕಡಿಯೋರು ಖುರೇಷಿಗಳು, ಕಾಟಿಕರು. ಚರ್ಮ ಹದ ಮಾಡೋರು ಮಾದಿಗರು, ಢೋರರು. ಎರಡು ಕಸುಬಿಗೂ ಒಂದೇ ಪ್ರಾಣಿ, ಎರಡಕ್ಕೂ ಒಂದೇ ಅವಮಾನ. ನಮ್ಮ ಹಿರೇರು ಹೋಟೆಲಿನ ಹೊರಗೆ ಬೇರೆ ಲೋಟ ಇಟ್ಟಿದ್ದ ಕಾಲ ನೋಡಿದಾರ. ಬಂಡಿಗೆ ಒಳಗೂ ಇಲ್ಲ, ಹೊರಗೂ ಇಲ್ಲ. ಬೆಂಕಿ ಎಲ್ಲರ ಕಣ್ಣೆದುರು ಇರ್ತದ, ಒಂದೇ ಸೀಖಿನಿಂದ ತೆಗೆದು ಲಿಂಗಾಯತನ ತಟ್ಟೆಗೂ ಮಾದಿಗನ ತಟ್ಟೆಗೂ ಹಾಕ್ತಾರ. ಜಾತಿ ಅಲ್ಲಿ ಸತ್ತು ಹೋಗಿದೆ ಅನ್ನಲ್ಲ. ಕರಿ ಚೀಲದ ಪಾರ್ಸಲ್ ಕಥೆ ಮೊದಲೇ ಹೇಳಿದೆ. ಆದ್ರ ತಟ್ಟೆ ಬೇರೆ ಇಡಲ್ಲ.

ಜಗತ್ತಿನ ಇನ್ನೊಂದು ತುದಿಯಲ್ಲೂ ಇಂಥದ್ದೇ ನಡೆದಿದೆ. ಪೆರು ದೇಶದಲ್ಲಿ 'ಆಂಟಿಕೂಚೊ' ಅಂತ ಒಂದು ತಿಂಡಿ ಇದೆ, ದನದ ಹೃದಯವನ್ನು ಕಡ್ಡಿಗೆ ಪೋಣಿಸಿ ಕೆಂಡದಲ್ಲಿ ಸುಡೋದು. ಸ್ಪೇನಿನ ಒಡೆಯರು ಒಳ್ಳೆ ಮಾಂಸ ತಾವು ಇಟ್ಟುಕೊಂಡು, ಹೃದಯ, ಕರುಳು, ಕಲೇಜಿಯನ್ನು ಆಫ್ರಿಕಾದಿಂದ ಹಿಡಿದು ತಂದ ಗುಲಾಮರಿಗೆ ಬಿಡ್ತಿದ್ದರು. ಆ ಗುಲಾಮರು, ಅವರ ಮಕ್ಕಳು ಮೆಣಸಿನಕಾಯಿ, ಹುಳಿ ಹಚ್ಚಿ ಅದನ್ನ ಲೀಮಾ ಬೀದಿಯ ರುಚಿ ಮಾಡಿದರು. ಇವತ್ತು ಪೆರು ಅದನ್ನ ತನ್ನ ರಾಷ್ಟ್ರದ ಊಟ ಅಂತ ಹೆಮ್ಮೆಯಿಂದ ತೋರಿಸ್ತದ. ನಮ್ಮಲ್ಲಿ ಅದೇ ಹೃದಯ, ಅದೇ ಕಲೇಜಿ ಹಿಡಿದ ಬಂಡಿಯವನು ಪೊಲೀಸ್ ಜೀಪ್ ಕಂಡ್ರ ಸಿಗಡಿ ಮುಚ್ತಾನ.

ಯಾಕಂದ್ರ ಕಾನೂನೂ ಬಿಗಿಯಾಗಿದೆ. 1964ರ ಹಳೆಯ ಕಾಯ್ದೆ ತೆಗೆದು ತಂದ 2020ರ ಜಾನುವಾರು ಹತ್ಯೆ ನಿಷೇಧ ಕಾಯ್ದೆ 2021ರ ಜನವರಿಯಿಂದ ಜಾರಿಯಲ್ಲಿದೆ. 13 ವರ್ಷ ದಾಟಿದ ಎಮ್ಮೆ, ಕೋಣ ಬಿಟ್ಟರೆ ಉಳಿದ ಯಾವ ಜಾನುವಾರನ್ನೂ ಕಡಿಯುವಂತಿಲ್ಲ. ಶಿಕ್ಷೆ 3ರಿಂದ 7 ವರ್ಷ. ಮುದಿ ಎತ್ತು ಸಾಕಲಾಗದ ರೈತನಿಗೂ, ಚರ್ಮದ ಕಸುಬಿನವನಿಗೂ, ಬಂಡಿಯವನಿಗೂ ಇದರ ಪೆಟ್ಟು ಬೀಳ್ತದ.

ಕಾನೂನಿನ ಹೊರಗೂ ಇದೇ ಗುಣ. 2021ರ ಡಿಸೆಂಬರ್‌ನಲ್ಲಿ ಅಪೌಷ್ಟಿಕತೆ ನೋಡಿ ನಮ್ಮ ಯಾದಗಿರಿ ಸೇರಿ ಕಲ್ಯಾಣ ಕರ್ನಾಟಕದ ಶಾಲೆಗಳಲ್ಲಿ ಮೊಟ್ಟೆ ಕೊಡೋಕೆ ಶುರು ಮಾಡಿದಾಗ ಕೆಲವು ಮಠಾಧೀಶರು ಬೇಡ ಅಂತ ಎದ್ದು ನಿಂತರು. 2024ರ ಡಿಸೆಂಬರ್‌ನಲ್ಲಿ ಮಂಡ್ಯ ಸಾಹಿತ್ಯ ಸಮ್ಮೇಳನದ ಸೂಚನೆಯಲ್ಲಿ ಮಾಂಸಾಹಾರವನ್ನು ಮದ್ಯ, ತಂಬಾಕಿನ ಸಾಲಿಗೆ ಸೇರಿಸಿದ್ದರು. ಮಂದಿ ಬಾಡೂಟಕ್ಕೆ ಪಟ್ಟು ಹಿಡಿದ ಮೇಲೆ ಕೊನೇ ದಿನ ಮೊಟ್ಟೆ ಬಂತು. 2014ರ ಕೇಂದ್ರ ಸರ್ಕಾರದ ಮಾದರಿ ನೋಂದಣಿ ಸಮೀಕ್ಷೆಯ ಲೆಕ್ಕದಲ್ಲಿ ಕರ್ನಾಟಕದ 15 ವರ್ಷ ಮೇಲ್ಪಟ್ಟವರಲ್ಲಿ ನೂರಕ್ಕೆ ಸುಮಾರು 79 ಮಂದಿ ಮಾಂಸ ತಿನ್ನೋರು. 79 ಮಂದಿಯ ಊಟ ಕದ್ದು ತಿನ್ನೋದಾಗಿ, 21 ಮಂದಿಯದು 'ಸಂಸ್ಕೃತಿ' ಆಗಿದ್ದು ಹೆಂಗ?

ಈಗ ಕಡೇಚೂರು. ಕಡೇಚೂರು-ಬಾಡಿಯಾಳ ಕೈಗಾರಿಕಾ ಪ್ರದೇಶಕ್ಕೆ 3000 ಎಕರೆಗೂ ಹೆಚ್ಚು ಭೂಮಿ ಹೋಯಿತು. ರೈಲ್ವೆ ಬೋಗಿ ಕಾರ್ಖಾನೆ ಬಂತು, ಔಷಧ ಕಾರ್ಖಾನೆಗಳು ಬಂದವು, ಕೆಟ್ಟ ವಾಸನೆ ಬಂತು, ಹೊರ ರಾಜ್ಯದ ಕೆಲಸಗಾರರೂ ಬಂದರು. ಭೂಮಿ ಹೋದ ಮನೆಯವರಿಗೆ, ಮೊದಲೇ ಭೂಮಿ ಇಲ್ಲದ ನಮ್ಮಂಥವರಿಗೆ ಗೇಟಿನ ಹೊರಗೆ ಉಳಿದದ್ದು ಚಹಾ ಅಂಗಡಿ, ಮೊಟ್ಟೆ ಬಂಡಿ, ಕಬಾಬ್ ಬಂಡಿ. ಕಾರ್ಖಾನೆ ಹೊಗೆಯ ಬಗ್ಗೆ ಬಾಯಿ ಬಿಡದವರು ಸಿಗಡಿಯ ಹೊಗೆಯಿಂದ ಊರು ಕೆಡ್ತದ ಅಂತಾರ!

ಅದಕ್ಕೇ ಮೂರು ಕೆಲಸ ಹೇಳ್ತೀನಿ.

ಒಂದು, 2014ರ ಬೀದಿ ವ್ಯಾಪಾರಿಗಳ ಕಾಯ್ದೆ ಓದ್ರಿ. ಸಮೀಕ್ಷೆ ಮುಗಿದು ಪ್ರಮಾಣಪತ್ರ ಕೊಡೋವರೆಗೆ ಯಾರನ್ನೂ ಎತ್ತಂಗಡಿ ಮಾಡುವಂತಿಲ್ಲ. ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಶೇ. 40ಕ್ಕೆ ಕಡಿಮೆ ಇಲ್ಲದಂತೆ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಣ್ಣುಮಕ್ಕಳು. ಯಾದಗಿರಿ, ಶಹಾಪುರ, ಸುರಪುರದ ಸಮಿತಿಗಳಲ್ಲಿ ಮಾಂಸದ ಬಂಡಿಯವರು ಎಷ್ಟು ಮಂದಿ ಇದ್ದಾರ, ಕೇಳ್ರಿ. ಈ ಕಾಯ್ದೆ ಪಟ್ಟಣಗಳಿಗೆ. ಕಡೇಚೂರಿನಂಥ ಕಡೆ ಇದೇ ರಕ್ಷಣೆ ಬೇಕು ಅಂತ ಗ್ರಾಮಸಭೆಯಲ್ಲಿ ಠರಾವು ಮಾಡಿಸ್ರಿ.

ಎರಡು, ಮನೆಯ ಅಜ್ಜಿ, ದೊಡ್ಡವ್ವರ ಹತ್ರ ಕೂತು ಬರೆದಿಡ್ರಿ. ಯಾವ ಭಾಗಕ್ಕ ಏನಂತಿದ್ರು, ಹೆಂಗ ಸುಡ್ತಿದ್ರು, ಬರದಲ್ಲಿ ಹೆಂಗ ಒಣಗಿಸಿ ಉಳಿಸ್ತಿದ್ರು. ಸೋಮೇಶ್ವರನ ಊಟಕ್ಕ ಪುಸ್ತಕ ಅದ. ಅವ್ವನ ಊಟಕ್ಕೂ ಇರಲಿ.

ಮೂರು, ಮುಂದಿನ ಸಲ ಬಂಡಿಗೆ ಹೋದಾಗ ಪಾರ್ಸಲ್ ಕಟ್ಟಿಸಬ್ಯಾಡ್ರಿ. ಅಲ್ಲೇ ನಿಂತು, ಎಲ್ಲರೆದುರು ತಿಂದು ಬರ್ರಿ.

ಜೈಭೀಮ್.