ಮೈಸೂರಿನ ಯೋಗಶಾಲೆಯೂ ಹೊಸ ಅಭ್ಯಾಸಿಗಳೂ

ಯಾವ ವಿದ್ಯೆಗೇ ಆಗಲಿ, ಅದರಲ್ಲಿ ಪಾರಂಗತರಾದವರ ಚರಿತ್ರೆಯೊಂದು, ಮೊದಲನೆಯ ದಿನ ಬಾಗಿಲಲ್ಲಿ ಅಳುಕುತ್ತ ನಿಂತವರ ಚರಿತ್ರೆಯೊಂದು, ಹೀಗೆ ಎರಡು ಚರಿತ್ರೆಗಳುಂಟು. ಸಿದ್ಧರನ್ನು ಗ್ರಂಥಗಳು ಕೊಂಡಾಡುತ್ತವೆ. ಹೊಸಬರ ಸಂಗತಿಯು ಬಹುಮಟ್ಟಿಗೆ ಮರೆಯಾಗುತ್ತದೆ. ಯೋಗವಿದ್ಯೆಯ ಮಟ್ಟಿಗಾದರೋ ಹೊಸಬರ ಚರಿತ್ರೆಯನ್ನು ಬಿಟ್ಟರೆ ಉಳಿದುದು ಅರ್ಥವಾಗದು. ಇಂದು ನಾನಾ ದೇಶಗಳಲ್ಲಿ ಗೃಹಸ್ಥರೂ ಸ್ತ್ರೀಯರೂ ವೃದ್ಧರೂ ಅಂಜಿಕೆಯಿಲ್ಲದೆ ಮೊದಲ ಆಸನಕ್ಕೆ ಅಣಿಯಾಗುತ್ತಿರುವುದಕ್ಕೆ, ಮೈಸೂರಿನ ಒಂದು ಶಾಲೆಯಲ್ಲಿ ಕಷ್ಟಪಟ್ಟು ಕಲಿತ ಕೆಲವರು ಬಹಳಮಟ್ಟಿಗೆ ಕಾರಣರಾದರು.

ಪೂರ್ವದಲ್ಲಿ ಈ ವಿದ್ಯೆಯ ಬಾಗಿಲು ಎಲ್ಲರಿಗೂ ತೆರೆದಿರಲಿಲ್ಲ. ಪತಂಜಲಿಯ ಯೋಗಸೂತ್ರಗಳಲ್ಲಿ ಆಸನವನ್ನು ಕುರಿತು ಇರುವ ಸೂತ್ರಗಳು ಮೂರೇ. ೧೫ನೆಯ ಶತಮಾನದ ಸ್ವಾತ್ಮಾರಾಮನು ಹಠಯೋಗಪ್ರದೀಪಿಕೆಯಲ್ಲಿ ೧೫ ಆಸನಗಳನ್ನು ವಿವರಿಸಿ, ವಿದ್ಯೆಯನ್ನು ಗೋಪ್ಯವಾಗಿಡಬೇಕೆಂದೂ ವಿಧಿಸಿದನು. ಘೇರಂಡಸಂಹಿತೆಯಲ್ಲಿ ಆಸನಗಳ ಸಂಖ್ಯೆ ೩೨ಕ್ಕೆ ಏರಿತು. ಮುಮ್ಮಡಿ ಕೃಷ್ಣರಾಜ ಒಡೆಯರವರು ರಚಿಸಿದ ಶ್ರೀತತ್ತ್ವನಿಧಿಯಲ್ಲಿ ೧೨೨ ಆಸನಗಳು ಚಿತ್ರಸಹಿತವಾಗಿ ನಿರೂಪಿತವಾಗಿವೆ. ಆದರೆ ಚಿತ್ರವು ಆಸನದ ಕೊನೆಯ ರೂಪವನ್ನು ತೋರಿಸಬಲ್ಲುದೇ ಹೊರತು, ಎಂದೂ ಬಗ್ಗದ ಮೈಯನ್ನು ಅಲ್ಲಿಯವರೆಗೆ ಕೊಂಡೊಯ್ಯುವ ಕ್ರಮವನ್ನು ತಿಳಿಸಲಾರದು. ಆ ಕ್ರಮವು ಗುರುವಿನ ಬಳಿಯಲ್ಲಿಯೇ ಉಳಿದಿತ್ತು.

ಅದನ್ನು ಸಭೆಯ ನಡುವೆ ತಂದವರಲ್ಲಿ ಶ್ರೀ ತಿರುಮಲೆ ಕೃಷ್ಣಮಾಚಾರ್ಯರು ಪ್ರಮುಖರು. ಅವರು ೧೮೮೮ರಲ್ಲಿ ಚಿತ್ರದುರ್ಗ ಸೀಮೆಯ ಮುಚುಕುಂದಪುರದಲ್ಲಿ ಜನಿಸಿ, ಮೈಸೂರು, ಕಾಶಿ ಮೊದಲಾದೆಡೆಗಳಲ್ಲಿ ಶಾಸ್ತ್ರಗಳನ್ನು ವ್ಯಾಸಂಗ ಮಾಡಿದವರು. ೧೯೨೭ರಲ್ಲಿ ಹಾಸನದಲ್ಲಿ ಅವರು ನಡೆಸಿದ ಪ್ರದರ್ಶನವನ್ನು ನೋಡಿ, ಸಮೀಪದ ಕೌಶಿಕ ಗ್ರಾಮದ ಹನ್ನೆರಡು ವರ್ಷದ ಬಾಲಕನೊಬ್ಬನು ಮರುದಿನವೇ ಅವರ ಮನೆಯ ಬಾಗಿಲಿಗೆ ಹೋಗಿ ನಿಂತನು. ಮುಂದೆ ಲೋಕಪ್ರಸಿದ್ಧರಾದ ಶ್ರೀ ಪಟ್ಟಾಭಿ ಜೋಯಿಸರೇ ಆ ಬಾಲಕ. ನೋಡಿದವನಿಗೆ ಕಲಿಯಬೇಕೆಂಬ ಆಸೆ ಹುಟ್ಟುವಂತೆ ಮಾಡುವುದೇ ಪ್ರದರ್ಶನದ ಉದ್ದೇಶವಾದರೆ, ಹಾಸನದಲ್ಲಿ ಅದು ಸಂಪೂರ್ಣವಾಗಿ ಸಫಲವಾಯಿತೆನ್ನಬೇಕು.

೧೯೩೩ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರವರ ಆಶ್ರಯದಲ್ಲಿ ಜಗನ್ಮೋಹನ ಅರಮನೆಯ ಒಂದು ಭಾಗದಲ್ಲಿ ಯೋಗಶಾಲೆ ಆರಂಭವಾಯಿತು. ಮರುವರ್ಷ ಆಚಾರ್ಯರ ‘ಯೋಗಮಕರಂದ’ವು ಕನ್ನಡದಲ್ಲಿಯೇ ಪ್ರಕಟವಾಯಿತು. ಗೋಪ್ಯವಾಗಿದ್ದ ವಿದ್ಯೆ ಹೀಗೆ ಬಾಲಕರ ಪಾಠವಾಯಿತು. ಪಾಠವಾದೊಡನೆ ಅದಕ್ಕೆ ಹೊಸದೊಂದು ಸಮಸ್ಯೆಯೂ ಎದುರಾಯಿತು. ಗುರುವು ಶಿಷ್ಯನನ್ನು ಆರಿಸಿಕೊಳ್ಳುತ್ತಿದ್ದ ಕಾಲದಲ್ಲಿ ಯೋಗ್ಯನಲ್ಲದವನನ್ನು ಹಿಂದಕ್ಕೆ ಕಳುಹಿಸಬಹುದಾಗಿತ್ತು. ಶಾಲೆಯ ಬಾಗಿಲನ್ನು ತೆರೆದ ಮೇಲೆ ದುರ್ಬಲನನ್ನು ಏನು ಮಾಡಬೇಕು?

ಈ ಪ್ರಶ್ನೆಯು ೧೯೩೪ರಲ್ಲಿ ಆಚಾರ್ಯರ ಸ್ವಗೃಹಕ್ಕೇ ಬಂದಿತು. ಅವರ ಪತ್ನಿ ನಾಮಗಿರಿಯಮ್ಮನವರ ತಮ್ಮ, ಕೋಲಾರ ಜಿಲ್ಲೆಯ ಬೆಳ್ಳೂರಿನ ಸುಂದರರಾಜನೆಂಬ ಹದಿನೈದು ವರ್ಷದ ಬಾಲಕನು ಮೈಸೂರಿಗೆ ಬಂದನು. ೧೯೧೮ರ ಇನ್‌ಫ್ಲುಯೆಂಜಾ ಪಿಡುಗಿನ ಕಾಲದಲ್ಲಿ ಹುಟ್ಟಿದ ಆ ಶಿಶುವನ್ನು ಬಾಲ್ಯದಲ್ಲಿ ಚಳಿಜ್ವರ, ವಿಷಮಶೀತಜ್ವರ, ಕ್ಷಯಗಳು ಒಂದರ ಹಿಂದೊಂದು ಕಾಡಿದ್ದವು. ಕೈಕಾಲುಗಳು ಕಡ್ಡಿಯಂತಿದ್ದವು; ಮುಂದಕ್ಕೆ ಬಗ್ಗಿದರೆ ಬೆರಳುಗಳು ಮೊಣಕಾಲನ್ನು ದಾಟುವುದೇ ದುಸ್ತರವಾಗಿತ್ತು. ಇವನಿಗೆ ಯೋಗವು ದಕ್ಕಲಾರದೆಂದು ಭಾವನವರೂ ಮೊದಲು ಎಣಿಸಿದ್ದರು. ಮನೆಯಲ್ಲಿದ್ದ ಪ್ರಿಯಶಿಷ್ಯನು ಹಠಾತ್ತಾಗಿ ಹೊರಟುಹೋದಾಗ, ಪ್ರದರ್ಶನಕ್ಕೆ ಬೇರೊಬ್ಬನು ಬೇಕಾದುದರಿಂದ ಈ ಬಾಲಕನಿಗೆ ಪಾಠ ದೊರೆಯಿತು.

ಅವಸರದ ಪಾಠಕ್ಕೆ ಅವನು ತೆತ್ತ ಬೆಲೆ ಸಾಮಾನ್ಯವಾದುದಲ್ಲ. ಒಂದು ಪ್ರದರ್ಶನದಲ್ಲಿ, ಕಾಲುಗಳನ್ನು ಹಿಂದಕ್ಕೂ ಮುಂದಕ್ಕೂ ಪೂರ್ಣವಾಗಿ ಚಾಚಿ ಕುಳಿತುಕೊಳ್ಳುವ ಹನುಮಾನಾಸನವನ್ನು ಮಾಡೆಂದು ಗುರುವಿನ ಅಪ್ಪಣೆಯಾಯಿತು. ಚಡ್ಡಿ ಬಿಗಿಯಾಗಿದೆಯೆಂದು ಹುಡುಗನು ತಪ್ಪಿಸಿಕೊಳ್ಳಲು ಯತ್ನಿಸಿದನು. ಕತ್ತರಿ ತರಿಸಿ ಚಡ್ಡಿಯ ಅಂಚನ್ನು ಕತ್ತರಿಸಲಾಯಿತು. ಆಸನವೇನೋ ಆಯಿತು, ಆದರೆ ತೊಡೆಯ ಹಿಂದಿನ ಸ್ನಾಯು ಹರಿದುಹೋಯಿತು. ಅದು ವಾಸಿಯಾಗಲು ವರ್ಷಗಳೇ ಹಿಡಿದವೆಂದು ಅವರೇ ಮುಂದೆ ಹೇಳಿಕೊಂಡಿದ್ದಾರೆ.

ಬಾಗಿಲಲ್ಲಿ ತಡೆಯಲ್ಪಟ್ಟ ಮತ್ತೊಬ್ಬರ ಕಥೆ ಬೇರೆ ಬಗೆಯದು. ರಿಗಾ ನಗರದಲ್ಲಿ ೧೮೯೯ರಲ್ಲಿ ಹುಟ್ಟಿದ ಇಂದ್ರಾದೇವಿಯವರು ೧೯೩೦ರ ದಶಕದ ಕೊನೆಯಲ್ಲಿ ಶಾಲೆಗೆ ಬಂದಾಗ, ಪರದೇಶದವರೂ ಸ್ತ್ರೀಯೂ ಆದ ಕಾರಣ ಆಚಾರ್ಯರು ಒಲ್ಲೆನೆಂದರು. ಮಹಾರಾಜರ ಮಾತಿನ ಮೇಲೆ ಪ್ರವೇಶ ದೊರೆತರೂ, ಆಹಾರದಲ್ಲಿ, ದಿನಚರಿಯಲ್ಲಿ ಕಟ್ಟುನಿಟ್ಟಾದ ನಿಯಮಗಳು ವಿಧಿಸಲ್ಪಟ್ಟವು. ನಲವತ್ತರ ಸಮೀಪದಲ್ಲಿದ್ದ ಆಕೆ ಅವುಗಳನ್ನೆಲ್ಲ ಪಾಲಿಸಿದರು. ಕೊನೆಗೆ, ನೀವೂ ಇತರರಿಗೆ ಕಲಿಸಬೇಕೆಂದು ಹೇಳಿದವರು ಅದೇ ಆಚಾರ್ಯರು. ಆಕೆ ಮುಂದೆ ಹಾಲಿವುಡ್‌ನಲ್ಲಿ ತಮ್ಮ ಶಾಲೆಯನ್ನು ತೆರೆದರು.

ಹೊಸಬರು ಬಂದಂತೆಲ್ಲ ಬೋಧನೆಯೂ ಮಾರ್ಪಟ್ಟಿತು. ೧೯೪೧ರಲ್ಲಿ ಪ್ರಕಟವಾದ ಆಚಾರ್ಯರ ‘ಯೋಗಾಸನಗಳು’ ಎಂಬ ಕನ್ನಡ ಗ್ರಂಥದಲ್ಲಿ ಆಸನಗಳು ಮೂರು ಶ್ರೇಣಿಗಳಾಗಿ ವಿಂಗಡಿಸಲ್ಪಟ್ಟಿವೆ. ಎಲ್ಲಿಂದ ಆರಂಭಿಸಬೇಕು, ಯಾವುದನ್ನು ಮುಂದಕ್ಕೆ ಇಟ್ಟುಕೊಳ್ಳಬೇಕು ಎಂಬ ವಿವೇಕಕ್ಕೆ ಹೀಗೆ ಮುದ್ರಿತರೂಪ ಬಂದಿತು. ೧೯೪೦ರಲ್ಲಿ ನಾಲ್ವಡಿಯವರು ಕಾಲವಾದ ಬಳಿಕ ಶಾಲೆಯ ವೈಭವ ಕುಂದುತ್ತ ಬಂದು, ೧೯೫೦ರಲ್ಲಿ ಅದು ಮುಚ್ಚಿತು. ಆಚಾರ್ಯರು ಮದರಾಸಿನಲ್ಲಿ ನೆಲಸಿ, ಕಲಿಯುವವನ ವಯಸ್ಸು, ದೇಹಸ್ಥಿತಿಗಳನ್ನು ನೋಡಿ ಪಾಠವನ್ನು ಹೊಂದಿಸುವ ಕ್ರಮವನ್ನೇ ಮುಖ್ಯವಾಗಿ ಹಿಡಿದು, ೧೯೮೯ರವರೆಗೆ ಬಾಳಿದರು. ಒಂದು ಕಾಲದಲ್ಲಿ ಅತಿ ಕಠಿಣರೆನಿಸಿದ್ದ ಗುರುವೂ ಹೀಗೆ ಶಿಷ್ಯರಿಂದ ಕಲಿತರೆಂದರೆ ಅವರ ಹಿರಿಮೆಗೆ ಕುಂದಿಲ್ಲ.

ಸುಂದರರಾಜ ಅಯ್ಯಂಗಾರ್ಯರು ೧೯೩೭ರಲ್ಲಿ ಪುಣೆಗೆ ಕಳುಹಿಸಲ್ಪಟ್ಟರು. ಅಲ್ಲಿ ತಮಗಿಂತ ದೃಢಕಾಯರಾದವರಿಗೆ ಕಲಿಸಬೇಕಾದಾಗ, ನೊಂದ ತಮ್ಮ ಮೈಯೇ ಅವರಿಗೆ ಪಾಠಪುಸ್ತಕವಾಯಿತು. ನೆಲಕ್ಕೆ ಕೈ ಎಟುಕದವನಿಗೆ ಮರದ ಇಟ್ಟಿಗೆ, ಕಾಲ್ಬೆರಳು ಎಟುಕದವನಿಗೆ ಪಟ್ಟಿ, ನಿಲ್ಲಲಾರದವನಿಗೆ ಗೋಡೆಯ ಹಗ್ಗ, ಹೀಗೆ ಅಶಕ್ತನಿಗೂ ಆಸನವು ದೊರೆಯುವ ಉಪಾಯಗಳನ್ನು ಅವರು ಕಾಲಕ್ರಮದಲ್ಲಿ ಕಂಡುಕೊಂಡರು. ತಮಗೆ ಆದ ಗಾಯವು ಮತ್ತೊಬ್ಬರಿಗೆ ಆಗದಿರಲೆಂಬುದೇ ಆ ಉಪಾಯಗಳ ಸಾರ.

೧೯೬೬ರಲ್ಲಿ ಇಂಗ್ಲಿಷಿನಲ್ಲಿ ಪ್ರಕಟವಾದ ಅವರ ಹೆಸರಾಂತ ಗ್ರಂಥದ ಕೊನೆಯಲ್ಲಿ ೩೦೦ ವಾರಗಳ ಅಭ್ಯಾಸಕ್ರಮವಿದೆ. ಹನುಮಾನಾಸನವು ಅದರಲ್ಲಿ ಬಹುದೂರದಲ್ಲಿದೆ. ಹೊಸಬನಿಗೆ ಮೊದಲ ವಾರದಲ್ಲಿ ಎಲ್ಲಕ್ಕಿಂತ ಮೊದಲು ಹೇಳಿರುವುದು ತಾಡಾಸನ: ಎರಡು ಪಾದಗಳ ಮೇಲೂ ಸಮವಾಗಿ ಭಾರವಿಟ್ಟು ನೆಟ್ಟಗೆ ನಿಲ್ಲುವುದು, ಅಷ್ಟೆ. ಜಗನ್ಮೋಹನ ಅರಮನೆಯ ಆ ಶಾಲೆಯಲ್ಲಿ ನೆಟ್ಟಗೆ ನಿಲ್ಲಲಾರದೆ ನಿಂತಿದ್ದ ಬಾಲಕನು ತನ್ನ ಹಿಂದೆ ಬರುವವರಿಗಾಗಿ ಇಟ್ಟ ಮೊದಲ ಮೆಟ್ಟಿಲು ಅದು.